ಕುರ್ಚಿ ಎಣಿಸಿದರೆ ಸಮತೋಲನ ಆಗುವುದಿಲ್ಲ

ಮಾನ್ಯ ಸಂಪಾದಕರೇ,

ಟಿವಿ ಚರ್ಚೆಗಳು ಒಂದು ಪಕ್ಷದ ಕಡೆ ವಾಲಿವೆ ಅಂತ ನಿಮ್ಮ ಪತ್ರಿಕೆಗೆ ಆಗಾಗ ಓದುಗರು ಬರೆಯುತ್ತಾರೆ. ಆಳುವವರ ಕಡೆ ಅಂತ ಒಬ್ಬರು, ಇಲ್ಲ ವಿರೋಧ ಪಕ್ಷದ ಕಡೆ ಅಂತ ಇನ್ನೊಬ್ಬರು. ಇಬ್ಬರ ಸಿಟ್ಟೂ ನಿಜವೇ. ಇಬ್ಬರೂ ಕೇಳುವ ಪರಿಹಾರವೂ ಒಂದೇ: ನಮ್ಮ ಕಡೆಯವರಿಗೂ ಸಮನಾಗಿ ಕುರ್ಚಿ ಹಾಕಿ, ಸಮನಾಗಿ ಹೊತ್ತು ಕೊಡಿ. ನನಗೆ ತಕರಾರು ಇರುವುದು ಈ ಪರಿಹಾರದ ಬಗ್ಗೆ. ಎಲ್ಲಾ ಪಕ್ಷದವರನ್ನೂ ಕೂರಿಸಿ, ಎಲ್ಲರಿಗೂ ಮಾತಾಡಲು ಬಿಟ್ಟು, ಆಮೇಲೂ ಚರ್ಚೆಯನ್ನು ಪೂರ್ತಿ ಒಂದೇ ಕಡೆಗೆ ವಾಲಿಸಬಹುದು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪತ್ರ ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಇಲ್ಲಿನ ಬಿಲ್ಡಿಂಗ್‌ಗಳು ಹೇಗೆ ಅಂದರೆ, ಸಂಜೆ ಹೊತ್ತು ಬಾಗಿಲು ತೆಗೆದಿಟ್ಟರೆ ಎದುರು ಮನೆಯ ಟಿವಿ ನಮ್ಮ ಮನೆಯದೇ ಅನ್ನುವಷ್ಟು ಜೋರಾಗಿ ಕೇಳುತ್ತದೆ. ನಮ್ಮದು ಕನ್ನಡ ಚಾನೆಲ್, ಎದುರು ಮನೆ ಕಾಕಾ ಅವರದ್ದು ಮರಾಠಿ. ಬೆಂಗಳೂರಿನಲ್ಲಿರುವವರಿಗೆ ಸಿಗದ ಒಂದು ಸವಲತ್ತು ಮುಂಬೈ ಕನ್ನಡಿಗರಿಗೆ ಇದೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ಗಲಾಟೆ ಬಂದಾಗ ಎರಡೂ ಕಡೆಯ ಚರ್ಚೆ ಒಟ್ಟಿಗೇ ಕಿವಿಗೆ ಬೀಳುತ್ತದೆ. ಬೇಡ ಅಂದರೂ ಬೀಳುತ್ತದೆ.

2022ರ ಡಿಸೆಂಬರ್ ನೆನಪಿದೆಯಲ್ವಾ? ಮಹಾರಾಷ್ಟ್ರದ ಜತ್ತ ತಾಲೂಕಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಬಗ್ಗೆ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಾತಾಡಿದ ಮೇಲೆ ಶುರುವಾದ ಜಗಳ. ಡಿಸೆಂಬರ್ 6ರಂದು ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಟೋಲ್‌ನಲ್ಲಿ ಮಹಾರಾಷ್ಟ್ರ ನಂಬರಿನ ಲಾರಿಗಳಿಗೆ ಕಲ್ಲು ಹೊಡೆದರು. ಅದೇ ದಿನ ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ರಾತ್ರಿ ನಮ್ಮ ಟಿವಿಯಲ್ಲಿ ಬಸ್ಸು, ಎದುರು ಮನೆ ಟಿವಿಯಲ್ಲಿ ಲಾರಿ. ನಮ್ಮಲ್ಲಿ ಮಸಿ ಬಳಿಯುವ ಕೈ ಒಂದು ಸಲ ಮೇಲಿಂದ ಕೆಳಗೆ ಬರುತ್ತದೆ, ದೃಶ್ಯ ಮುಗಿಯುತ್ತದೆ, ಮತ್ತೆ ಅದೇ ಕೈ ಮೇಲಿಂದ ಕೆಳಗೆ. ಅಲ್ಲಿ ಅದೇ ಥರ ಒಂದು ಗಾಜು ಒಡೆಯುತ್ತಲೇ ಇತ್ತು. ಚರ್ಚೆ ನಡೆಯುವಷ್ಟು ಹೊತ್ತೂ ಪರದೆಯ ಅರ್ಧ ಭಾಗದಲ್ಲಿ ಇದೇ ಓಡುತ್ತಿತ್ತು. ಮಾರನೇ ದಿನ ಲಿಫ್ಟ್‌ನಲ್ಲಿ ಸಿಕ್ಕ ಕಾಕಾಗೆ ಪುಣೆಯ ಬಸ್ಸಿನ ವಿಷಯ ಸರಿಯಾಗಿ ಗೊತ್ತೇ ಇರಲಿಲ್ಲ. ಪೇಪರ್ ನೋಡುವ ತನಕ ನನಗೂ ಲಾರಿಯ ವಿಷಯ ಅರ್ಧಂಬರ್ಧ ಗೊತ್ತಿತ್ತು ಅಷ್ಟೆ.

ಈಗ ಪಕ್ಷದ ಲೆಕ್ಕಕ್ಕೆ ಬರೋಣ. ಆಗ ಕರ್ನಾಟಕದಲ್ಲಿ ಬಿಜೆಪಿ ಸರ್ಕಾರ. ಮಹಾರಾಷ್ಟ್ರದಲ್ಲಿ ಏಕನಾಥ ಶಿಂಧೆ ಮುಖ್ಯಮಂತ್ರಿ, ಜೊತೆಗೆ ಬಿಜೆಪಿ. ದೆಹಲಿಯಲ್ಲೂ ಬಿಜೆಪಿ. ನಮ್ಮ ಟಿವಿಯ ಪ್ಯಾನೆಲ್‌ನಲ್ಲಿ ಬಿಜೆಪಿ, ಕಾಂಗ್ರೆಸ್, ಜೆಡಿಎಸ್, ಒಬ್ಬ ಕನ್ನಡಪರ ಸಂಘಟನೆಯವರು, ಒಬ್ಬ ವಿಶ್ಲೇಷಕರು. ಎದುರು ಮನೆ ಟಿವಿಯಲ್ಲಿ ಬಿಜೆಪಿ, ಕಾಂಗ್ರೆಸ್, ಎರಡೂ ಶಿವಸೇನೆ, ಎನ್‌ಸಿಪಿ. ಕುರ್ಚಿ ಲೆಕ್ಕ ಹಾಕಿದರೆ ಇದಕ್ಕಿಂತ ಸಮತೋಲನ ಬೇಕಾ? ಒಂದು ಪಕ್ಷವನ್ನೂ ಬಿಟ್ಟಿರಲಿಲ್ಲ. ಆದರೆ ಇಲ್ಲಿ ಕೂತವರೆಲ್ಲ ಒಂದೇ ಮಾತು, ಅಲ್ಲಿ ಕೂತವರೆಲ್ಲ ಅದಕ್ಕೆ ಉಲ್ಟಾ ಒಂದೇ ಮಾತು. ಒಂದೇ ಪಕ್ಷದ ಇಬ್ಬರು ವಕ್ತಾರರು, ಒಂದೇ ರಾತ್ರಿ, ಎರಡು ಭಾಷೆಯಲ್ಲಿ ಒಬ್ಬರಿಗೊಬ್ಬರು ವಿರುದ್ಧ ಮಾತಾಡುತ್ತಿದ್ದರು. ಬಿಜೆಪಿ ಅಂತಲ್ಲ, ಕಾಂಗ್ರೆಸ್ಸಿನದೂ ಇದೇ ಕತೆ. ಅವರನ್ನು ಹಿಡಿದು ಕೇಳುವವರು ಯಾರೂ ಇರಲಿಲ್ಲ. ಯಾಕೆಂದರೆ ಕನ್ನಡ ಆ್ಯಂಕರ್ ಮರಾಠಿ ಚಾನೆಲ್ ನೋಡಲ್ಲ, ಮರಾಠಿ ಆ್ಯಂಕರ್ ಕನ್ನಡ ಚಾನೆಲ್ ನೋಡಲ್ಲ. ನೋಡುವವರು ಡೊಂಬಿವಲಿಯಲ್ಲೋ ಸೊಲ್ಲಾಪುರದಲ್ಲೋ ಇರುವ ನಮ್ಮಂಥವರು. ನಮ್ಮನ್ನು ಯಾರು ಕೇಳುತ್ತಾರೆ!

ಆ ತಿಂಗಳ ಕೊನೆಗೆ ಏನಾಯಿತು ನೋಡಿ. ಡಿಸೆಂಬರ್ 22ಕ್ಕೆ ಬೆಳಗಾವಿ ಅಧಿವೇಶನದಲ್ಲಿ ಕರ್ನಾಟಕ ಒಂದು ನಿರ್ಣಯ ಮಾಡಿತು, ಒಂದಿಂಚು ಜಾಗವನ್ನೂ ಬಿಡುವುದಿಲ್ಲ ಅಂತ. 27ಕ್ಕೆ ನಾಗಪುರದಲ್ಲಿ ಮಹಾರಾಷ್ಟ್ರ ಇನ್ನೊಂದು ನಿರ್ಣಯ ಮಾಡಿತು, ಕರ್ನಾಟಕದಲ್ಲಿರುವ 865 ಹಳ್ಳಿಗಳು ನಮಗೆ ಬೇಕು ಅಂತ. ಎರಡೂ ಸರ್ವಾನುಮತ. ಎರಡೂ ಸದನದಲ್ಲಿ ಎಲ್ಲಾ ಪಕ್ಷಗಳೂ ಒಂದಾದ ಮೇಲೆ, ಪಕ್ಷಕ್ಕೊಬ್ಬರಂತೆ ಕೂರಿಸಿದ ಟಿವಿ ಚರ್ಚೆಯಲ್ಲಿ ಎರಡನೇ ಅಭಿಪ್ರಾಯ ಎಲ್ಲಿಂದ ಬರಬೇಕು?

ಎಲ್ಲರೂ ಒಂದಾದಾಗ ಮೊದಲು ಮಾಯವಾಗುವುದು ಮಾಹಿತಿ. ಒಂದೇ ಉದಾಹರಣೆ ಕೊಡುತ್ತೇನೆ. ನಮ್ಮ ಚರ್ಚೆಗಳಲ್ಲಿ ಮಾತೆತ್ತಿದರೆ ಮಹಾಜನ ವರದಿಯೇ ಅಂತಿಮ ಅನ್ನುತ್ತಾರೆ. ಈ ಗಡಿ ಜಗಳಕ್ಕೆ ಅಂತಲೇ 1966ರಲ್ಲಿ ಕೇಂದ್ರ ನೇಮಿಸಿದ ಆಯೋಗ ಅದು, 1967ರಲ್ಲಿ ವರದಿ ಕೊಟ್ಟಿತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ ಅಂತ ಅದು ಹೇಳಿದ್ದು ನಿಜ. ಜತ್ತ, ಅಕ್ಕಲಕೋಟೆ ಕಡೆಯ ಊರುಗಳು ಕರ್ನಾಟಕಕ್ಕೆ ಬರಲಿ ಅಂದಿದ್ದೂ ನಿಜ. ಆದರೆ ಅದೇ ವರದಿ ನಿಪ್ಪಾಣಿ, ನಂದಗಡ, ಖಾನಾಪುರ ಮಹಾರಾಷ್ಟ್ರಕ್ಕೆ ಹೋಗಲಿ ಅಂತಲೂ ಹೇಳಿತ್ತು. ಇದನ್ನು ಕನ್ನಡ ಚಾನೆಲ್‌ನಲ್ಲಿ ಕೂತ ಒಬ್ಬರಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಇತ್ತ ಮರಾಠಿ ಚಾನೆಲ್‌ನಲ್ಲಿ ಆ ವರದಿಯನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಆಯೋಗ ಬೇಕು ಅಂತ ಪಟ್ಟು ಹಿಡಿದಿದ್ದು ಮಹಾರಾಷ್ಟ್ರವೇ ಅನ್ನುವುದನ್ನು ಮಾತ್ರ ಅಲ್ಲಿ ಯಾರೂ ಎತ್ತುವುದಿಲ್ಲ. 2004ರಿಂದ ಕೇಸು ಸುಪ್ರೀಂ ಕೋರ್ಟ್‌ನಲ್ಲಿದೆ. ಆ ಕೇಸಿನಲ್ಲಿ ವಾದ ಏನು, ಅದು ಎಲ್ಲಿಗೆ ಬಂದು ನಿಂತಿದೆ ಅಂತ ತಿಳಿಸುವ ಅರ್ಧ ಗಂಟೆಯ ಕಾರ್ಯಕ್ರಮ ಎರಡೂ ಭಾಷೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಪ್ರಶ್ನೆಗಳು. ಆ ವಾರ ನಮ್ಮ ಕಡೆಯವರಿಗೆ ಬೇಕಾಗಿದ್ದ ಉತ್ತರ ಒಂದೇ: ನಾಳೆ ಬಸ್ ಇದೆಯೋ ಇಲ್ಲವೋ. ಇಲ್ಲಿ ಕಟ್ಟಡದ ಕೆಲಸ ಮಾಡುವ ವಿಜಯಪುರ, ಕಲಬುರಗಿ ಕಡೆಯ ಜನ ಎಷ್ಟು ಮಂದಿ ಇದ್ದಾರೆ ಅಂತ ಮುಂಬೈಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರಲ್ಲಿ ಊರಿಗೆ ಹೊರಟವರು ಇದ್ದರು, ಮದುವೆಗೆ ಹೋಗುವವರು ಇದ್ದರು, ಆಸ್ಪತ್ರೆಗೆ ಅಂತ ಬಂದು ವಾಪಸ್ ಹೋಗುವವರೂ ಇದ್ದರು. ಸರ್ಕಾರಿ ಬಸ್ಸುಗಳ ಓಡಾಟ ಅಲ್ಲಲ್ಲಿ ನಿಂತಿತ್ತು. ಚರ್ಚೆಯ ಪ್ರಶ್ನೆ ಮಾತ್ರ, ಕೆಂಪು ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಮರಾಠಿಗರ ಪುಂಡಾಟಕ್ಕೆ ಕೊನೆ ಯಾವಾಗ ಅಂತ. ಎದುರು ಮನೆಯಲ್ಲಿ ಮರಾಠಿಗರ ಜಾಗದಲ್ಲಿ ಕನ್ನಡಿಗರು, ಉಳಿದಿದ್ದೆಲ್ಲ ಸೇಮ್. ಇಂಥ ಪ್ರಶ್ನೆಗೆ ಹತ್ತು ಪಕ್ಷದವರನ್ನು ಕೂರಿಸಿ ಉತ್ತರ ಕೇಳಿದರೂ ಉತ್ತರ ಮೊದಲೇ ತೀರ್ಮಾನ ಆಗಿರುತ್ತದೆ.

ಆ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಬಗ್ಗೆಯೂ ಒಂದು ಮಾತು. ಅದು ಇರುವುದು ಕೇಳುವುದಕ್ಕಲ್ಲ, ತಪ್ಪಿಸಿಕೊಳ್ಳುವುದಕ್ಕೆ. ಇಂಥವರು ಲಂಚ ತಿಂದರು ಅಂತ ಹಾಕಿದರೆ ನೋಟಿಸ್ ಬರುತ್ತದೆ. ಲಂಚ ತಿಂದರಾ ಅಂತ ಹಾಕಿದರೆ ನಾವು ಬರೀ ಕೇಳಿದ್ದು ಸ್ವಾಮಿ ಅನ್ನಬಹುದು.

ಅದೇ ವಾರ ನನಗೇ ಒಂದು ಫೋನ್ ಬಂತು. ಇಲ್ಲಿನ ಕನ್ನಡ ಸಂಘದ ಯಾರೋ ನನ್ನ ನಂಬರ್ ಕೊಟ್ಟಿದ್ದರು. ಬೆಂಗಳೂರಿನ ಒಂದು ಚಾನೆಲ್‌ನಿಂದ, ಗೆಸ್ಟ್ ಕೋಆರ್ಡಿನೇಟರ್, ಅಂದರೆ ಚರ್ಚೆಗೆ ಮಾತಾಡುವವರನ್ನು ಹೊಂದಿಸುವವನು. ಚಿಕ್ಕ ಹುಡುಗ, ಮಾತಿನಲ್ಲಿ ಮರ್ಯಾದೆ ಇತ್ತು. "ಸರ್, ಮುಂಬೈ ಕನ್ನಡಿಗರ ಪರಿಸ್ಥಿತಿ ಬಗ್ಗೆ ಒಂದು ಫೋನೋ ತಗೋತೀವಿ, ಒಂಬತ್ತೂ ಕಾಲಿಗೆ ಲೈನಲ್ಲಿರ್ತೀರಾ?" ಅಂದ. ಆಗಲಿ ಅಂದೆ. ಏನು ಹೇಳುತ್ತೀರಿ ಅಂತ ಕೇಳಿದ. ಇಲ್ಲಿ ಏನೂ ಗಲಾಟೆ ಇಲ್ಲಪ್ಪ, ಲೋಕಲ್ ಓಡ್ತಿದೆ, ಹೋಟೆಲ್‌ಗಳು ತೆಗೆದಿವೆ, ನಮ್ಮ ಎದುರು ಮನೆಯವರೇ ಮರಾಠಿಗರು, ನಿನ್ನೆ ಅವರ ಮನೆಯಿಂದ ಸಂಕ್ರಾಂತಿಯ ತಿಳಗುಳ ಅಲ್ಲದಿದ್ದರೂ ಚಕ್ಕುಲಿ ಬಂತು, ಜನಕ್ಕೆ ತೊಂದರೆ ಆಗಿರೋದು ಬಸ್ಸಿಂದ ಅಂದೆ. ಆ ಕಡೆ ಒಂದು ಕ್ಷಣ ಸುಮ್ಮನಾದ. "ಸರ್, ಆದ್ರೂ ಒಳಗೊಳಗೆ ಒಂದು ಭಯ ಇರುತ್ತಲ್ವಾ ಸರ್?" ಅಂದ. ಇಲ್ಲ ಅಂದೆ. "ಯಾರಾದ್ರೂ ಅಂಗಡಿ ಬೋರ್ಡ್‌ಗೆ ಮಸಿ ಬಳಿದಿದ್ದು, ಬೆದರಿಕೆ ಹಾಕಿದ್ದು ನಿಮ್ಮ ಗಮನಕ್ಕೆ..." ಬಂದಿಲ್ಲ ಅಂದೆ. "ಸರಿ ಸರ್, ನಿಮ್ಮನ್ನ ಸೆಕೆಂಡ್ ಸೆಗ್ಮೆಂಟಲ್ಲಿ ತಗೋತೀವಿ" ಅಂದ. ಎರಡನೇ ಸೆಗ್ಮೆಂಟೂ ಆಯ್ತು, ಮೂರನೆಯದೂ ಆಯ್ತು. ಮುಂಬೈಯಿಂದ ಅಂತ ಬೇರೆ ಯಾರದ್ದೋ ದನಿ ಬಂತು. ಅವರಿಗೆ ತುಂಬಾ ಭಯ ಆಗುತ್ತಿತ್ತಂತೆ. ಇರಬಹುದು, ಅವರ ಏರಿಯಾದಲ್ಲಿ ಏನಾಗಿತ್ತೋ. ಅವರ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಭಯ ಇಲ್ಲ ಅಂದವನ ಮಾತೂ ಅದರ ಪಕ್ಕದಲ್ಲಿ ಬರಬೇಕಿತ್ತು ಅಂತ ಹೇಳುತ್ತಿದ್ದೇನೆ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನಿಗೆ ಸಂಜೆ ಏಳಕ್ಕೆ ಒಂದು ಟಾಪಿಕ್ ಕೊಟ್ಟು, ಒಂಬತ್ತಕ್ಕೆ ಅದಕ್ಕೆ ತಕ್ಕ ದನಿಗಳನ್ನು ಹಿಡಿದುಕೊಂಡು ಬಾ ಅಂದಿರುತ್ತಾರೆ. ನನ್ನ ಅಕ್ಕನ ಮಗ ಕೆಲವು ವರ್ಷ ಇದೇ ಥರದ ಕೆಲಸದಲ್ಲಿದ್ದ, ಚಾನೆಲ್ಲೊಂದರ ಪಿಸಿಆರ್‌ನಲ್ಲಿ, ಅಂದರೆ ಸ್ಟುಡಿಯೋ ಪಕ್ಕದ ಕಂಟ್ರೋಲ್ ರೂಮ್‌ನಲ್ಲಿ. ಅವನು ಹೇಳುವುದು ಕೇಳಿದರೆ ಚರ್ಚೆ ನೋಡುವ ಕಣ್ಣೇ ಬದಲಾಗುತ್ತದೆ. ಎಂಟು ಕಿಟಕಿಯಲ್ಲಿ ಎಂಟು ಜನ ಕೂಗಾಡುವುದು ನಮಗೆ ಕಾಣುತ್ತದೆ. ಆದರೆ ಯಾರ ಕೂಗು ನಮಗೆ ಕೇಳಬೇಕು ಅನ್ನುವುದು ಆಡಿಯೋ ಕನ್ಸೋಲ್ ಮೇಲಿನ ಫೇಡರ್, ಅಂದರೆ ದನಿ ಏರಿಸಿ ಇಳಿಸುವ ಗುಂಡಿಯ ಕೈಯಲ್ಲಿದೆ. ಒಬ್ಬರದ್ದು ಮೇಲೆ ಇಟ್ಟು ಉಳಿದವರದ್ದು ಸ್ವಲ್ಪ ಕೆಳಗೆ ಎಳೆದರೆ ಸಾಕು. ಅವರ ಬಾಯಿ ಆಡುತ್ತಿರುತ್ತದೆ, ಮಾತು ಬರುವುದಿಲ್ಲ. ಆ್ಯಂಕರ್ ಕಿವಿಯಲ್ಲಿ ಪ್ರೊಡ್ಯೂಸರ್ ದನಿ ಬೇರೆ: ಇವರನ್ನ ಕಟ್ ಮಾಡಿ, ಅವರ ಹತ್ರ ಹೋಗಿ, ಬ್ರೇಕ್ ತಗೊಳ್ಳಿ. ಒಬ್ಬರು ಒಳ್ಳೇ ಪಾಯಿಂಟ್ ಎತ್ತಿದಾಗಲೇ ಬ್ರೇಕ್ ಬರುವುದು ಯಾಕೆ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ. ಪ್ರತಿ ಸಲವೂ ಬೇಕಂತಲೇ ಮಾಡೋದಿಲ್ಲ ಮಾಮ, ಆದ್ರೆ ಯಾವಾಗ ಮಾಡಬೇಕು ಅಂತ ಎಲ್ಲರಿಗೂ ಗೊತ್ತಿರುತ್ತೆ ಅನ್ನುತ್ತಾನೆ ಅವನು.

ಹೀಗಿರುವಾಗ ಕುರ್ಚಿ ಎಣಿಸಿ ಏನು ಮಾಡೋಣ? ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿ, ಆಮೇಲೆ ಬೇಕಾದವರಿಗಷ್ಟೇ ಬಡಿಸಿಕೊಂಡು ಹೋದ ಹಾಗೆ ಇದು.

ವಿಶ್ಲೇಷಕರದ್ದು ಇನ್ನೊಂದು ಕತೆ. ಪಕ್ಷದ ವಕ್ತಾರ ಅಂತ ಬರೆದವರ ಬಗ್ಗೆ ನನಗೆ ತಲೆಬಿಸಿ ಇಲ್ಲ, ಅವರು ಯಾರ ಪರ ಅಂತ ಗೊತ್ತಿರುತ್ತದೆ. ಹೆಸರಿನ ಕೆಳಗೆ 'ರಾಜಕೀಯ ವಿಶ್ಲೇಷಕರು', 'ಚಿಂತಕರು', 'ಸಾಮಾಜಿಕ ಹೋರಾಟಗಾರರು' ಅಂತ ಹಾಕಿಕೊಂಡು ಬರುವ ಕೆಲವರಿದ್ದಾರಲ್ಲ, ಅವರೇ ಕಷ್ಟ. ಇವತ್ತು ತಟಸ್ಥರು, ಚುನಾವಣೆ ಬಂದಾಗ ನೋಡಿದರೆ ಯಾವುದೋ ಪಕ್ಷದ ಟಿಕೆಟ್‌ಗೆ ಸಾಲಿನಲ್ಲಿ ನಿಂತಿರುತ್ತಾರೆ. ಎಲ್ಲಾ ಪಕ್ಷಕ್ಕೂ ಇಂಥವರಿದ್ದಾರೆ. ಒಂದು ಪಕ್ಷದ ವಕ್ತಾರ ಒಬ್ಬ, ಅದೇ ಪಕ್ಷದ ಕಡೆಯ ವಿಶ್ಲೇಷಕ ಇನ್ನೊಬ್ಬ, ಎದುರು ಪಕ್ಷದ ವಕ್ತಾರ ಒಬ್ಬನೇ, ನಾಲ್ಕನೆಯವರು ಆ್ಯಂಕರ್. ಲೆಕ್ಕ ನೀವೇ ಹಾಕಿ.

ಟಿಆರ್‌ಪಿಯಿಂದ, ಅಂದರೆ ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಅನ್ನುವ ಲೆಕ್ಕದಿಂದ ಹೀಗೆಲ್ಲ ಆಗುತ್ತಿದೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಉತ್ತರ. ಅರ್ಧ ಒಪ್ಪುತ್ತೇನೆ. ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಇರುವುದು ನಮ್ಮ ಮುಂಬೈಯಲ್ಲೇ. 2020ರ ಅಕ್ಟೋಬರ್‌ನಲ್ಲಿ ಆ ಲೆಕ್ಕಕ್ಕೆ ಮೀಟರ್ ಇಟ್ಟಿರುವ ಮನೆಗಳಿಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸುತ್ತಿದ್ದಾರೆ ಅಂತ ಮುಂಬೈ ಪೊಲೀಸರು ಕೇಸು ಹಾಕಿದರು. ಆಮೇಲೆ ಬಾರ್ಕ್ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗ್ ಕೊಡುವುದನ್ನೇ ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ಆ ಕೇಸನ್ನು ಸರ್ಕಾರ ಕೋರ್ಟಿನ ಒಪ್ಪಿಗೆ ಪಡೆದು 2024ರಲ್ಲಿ ವಾಪಸ್ ತಗೊಂಡಿತು, ಅದು ಬೇರೆ ಮಾತು. ನನ್ನ ಪ್ರಶ್ನೆ ಇಷ್ಟೆ: ಒಂದು ವರ್ಷಕ್ಕೂ ಜಾಸ್ತಿ ರೇಟಿಂಗೇ ಇರಲಿಲ್ಲವಲ್ಲ, ಆಗ ಚರ್ಚೆಗಳು ತಣ್ಣಗಾದವಾ? ನ್ಯಾಯವಾಗಿ ನಡೆದವಾ? ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಒಂದು ಚೂರೂ ಬದಲಾಗಲಿಲ್ಲ.

ಅಸಲಿ ವಿಷಯ ಖರ್ಚು. ಜತ್ತಕ್ಕೆ ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾಮನ್ ಹೋಗಬೇಕು, ಗಾಡಿ ಬೇಕು, ಎರಡು ದಿನ ಇರಬೇಕು, ಹಳ್ಳಿ ಹಳ್ಳಿ ತಿರುಗಬೇಕು. ಅಲ್ಲಿನ ಜನ ಕರ್ನಾಟಕಕ್ಕೆ ಸೇರುತ್ತೇವೆ ಅಂತ ನಿರ್ಣಯ ಮಾಡಿದ್ದರ ಹಿಂದೆ ಭಾಷಾಪ್ರೇಮ ಎಷ್ಟು, ಕುಡಿಯುವ ನೀರಿನ ಗೋಳು ಎಷ್ಟು, ಕನ್ನಡ ಶಾಲೆಗೆ ಕನ್ನಡ ಬರುವ ಮೇಷ್ಟ್ರು ಇದ್ದಾರಾ ಅಂತ ಕೇಳಬೇಕು. ಇದಕ್ಕೆಲ್ಲ ದುಡ್ಡು ಬೇಕು. ಅದರ ಬದಲು ಎಂಟು ಜನರಿಗೆ ವಿಡಿಯೋ ಲಿಂಕ್ ಕಳಿಸಿದರೆ ಒಂದು ಗಂಟೆ ತುಂಬುತ್ತದೆ. ಗೆಸ್ಟ್‌ಗಳು ತಮ್ಮ ಮನೆಯ ಸೋಫಾ ಮೇಲೇ ಕೂತು, ಹಿಂದೆ ಪುಸ್ತಕದ ಕಪಾಟು ಕಾಣುವ ಹಾಗೆ ಫೋನ್ ನಿಲ್ಲಿಸಿಕೊಂಡು ಬರುತ್ತಾರೆ. ಅಲ್ಲಿಗೆ ಚರ್ಚೆ ಅನ್ನುವುದು ಸುದ್ದಿ ತರಲಾಗದ ಕಡೆ ಹಾಕುವ ತೇಪೆ. ಸುದ್ದಿ ಇಲ್ಲದ ಮೇಲೆ ಉಳಿಯುವುದು ಕೂಗಾಟ ತಾನೆ.

ಜತ್ತ ಒಂದೇ ಅಲ್ಲ. ಗೋವಾ ಜೊತೆಗಿನ ಮಹದಾಯಿ ನದಿ ನೀರಿನ ಜಗಳ ತಗೊಳ್ಳಿ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಂತ ತೀರ್ಪು ಕೊಟ್ಟಿತು. ಅಲ್ಲಿಂದ ಇಲ್ಲಿವರೆಗೆ ಈ ವಿಷಯ ಬಂದಾಗಲೆಲ್ಲ ನಮ್ಮ ಚರ್ಚೆಗಳಲ್ಲಿ ಗೋವಾ ಅಂದರೆ ಒಬ್ಬ ವೈರಿ. ಆ ಗೋವಾದಲ್ಲೇ ವಾಸ್ಕೋ, ಮಡಗಾಂವ್ ಕಡೆ ಉತ್ತರ ಕರ್ನಾಟಕದ ಕನ್ನಡಿಗರು ತಲೆಮಾರಿನಿಂದ ಇದ್ದಾರೆ. ಅವರ ತವರು ಹುಬ್ಬಳ್ಳಿ, ಗದಗ ಕಡೆ, ಅಲ್ಲಿಗೆ ಮಹದಾಯಿ ನೀರು ಬೇಕು. ಅವರು ದುಡಿದು ತಿನ್ನುವುದು ಗೋವಾದಲ್ಲಿ. ಈ ವಿಷಯದಲ್ಲಿ ಅವರಿಗಿಂತ ಹೆಚ್ಚು ಹೇಳುವುದು ಯಾರಿಗಿದೆ? ಅವರಲ್ಲಿ ಒಬ್ಬರನ್ನಾದರೂ ಕರೆದು ಐದು ನಿಮಿಷ ಮಾತಾಡಿಸಿದ್ದನ್ನು ನಾನಂತೂ ನೋಡಿಲ್ಲ. ಅವರು ಯಾವ ಪಕ್ಷದ ಕೋಟಾದಲ್ಲೂ ಬರುವುದಿಲ್ಲವಲ್ಲ.

ನಿಯಮ ಮಾಡಿ, ದಂಡ ಹಾಕಿ ಅನ್ನುವವರಿಗೂ ಸ್ವಲ್ಪ ಹೇಳಬೇಕು. ಪತ್ರಿಕೆಗಳಿಗೆ ಪ್ರೆಸ್ ಕೌನ್ಸಿಲ್ ಇದೆ, ಟಿವಿ ಅದರ ಕೆಳಗೆ ಬರುವುದಿಲ್ಲ. ಸುದ್ದಿ ಚಾನೆಲ್‌ಗಳ ಸಂಘದವರು ದೂರು ಕೇಳುವುದಕ್ಕೆ 2008ರಲ್ಲಿ ತಮ್ಮದೇ ಒಂದು ಪ್ರಾಧಿಕಾರ ಮಾಡಿಕೊಂಡರು. ಮೊದಲು ಎನ್‌ಬಿಎಸ್‌ಎ ಅಂತಿತ್ತು, ಈಗ ಎನ್‌ಬಿಡಿಎಸ್‌ಎ. ನಿವೃತ್ತ ನ್ಯಾಯಮೂರ್ತಿಗಳು ಅಧ್ಯಕ್ಷರು. ಕೆಲವು ಒಳ್ಳೆಯ ಆದೇಶಗಳನ್ನೂ ಕೊಟ್ಟಿದೆ, ವಿಡಿಯೋ ತೆಗೆಸಿದೆ, ದಂಡ ಹಾಕಿದೆ. ಆದರೆ ದಂಡದ ಮಿತಿ ಒಂದು ಲಕ್ಷ ರೂಪಾಯಿ ಅಂತ ಆಗ ಇಟ್ಟಿದ್ದು. ನಟ ಸುಶಾಂತ್ ಸಿಂಗ್ ರಜಪೂತ್ ಸಾವಿನ ವೇಳೆ ಟಿವಿಗಳು ಆಡಿದ ಆಟದ ಬಗ್ಗೆ ನಮ್ಮ ಬಾಂಬೆ ಹೈಕೋರ್ಟ್ 2021ರ ಜನವರಿಯಲ್ಲಿ ಕಟುವಾಗಿಯೇ ತೀರ್ಪು ಬರೆಯಿತು. ಆ ವಿಷಯ ಸುಪ್ರೀಂ ಕೋರ್ಟ್‌ಗೆ ಹೋದಾಗ, 2023ರ ಆಗಸ್ಟ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಕೇಳಿದ್ದು ಇದನ್ನೇ: ಒಂದು ಲಕ್ಷದ ದಂಡದಿಂದ ಏನಾಗುತ್ತದೆ, ಆ ಕಾರ್ಯಕ್ರಮದಿಂದ ಬಂದ ಲಾಭಕ್ಕೆ ತಕ್ಕ ಹಾಗೆ ದಂಡ ಇರಬೇಡವಾ ಅಂತ. ಇನ್ನೊಂದು ವಿಷಯ ಏನೆಂದರೆ, ಈ ಪ್ರಾಧಿಕಾರದ ಮಾತು ನಡೆಯುವುದು ಆ ಸಂಘದ ಸದಸ್ಯ ಚಾನೆಲ್‌ಗಳ ಮೇಲೆ ಮಾತ್ರ. ಹೊರಗಿದ್ದವರಿಗೆ ಅದೂ ಇಲ್ಲ.

ಹಾಗಾದರೆ ಸರ್ಕಾರವೇ ನೋಡಿಕೊಳ್ಳಲಿ ಅನ್ನುವವರ ಜೊತೆಗೂ ನಾನಿಲ್ಲ. ಟಿವಿ ಮೇಲಿನ ದೂರುಗಳಿಗೆ ಮಾಡಿದ 2021ರ ನಿಯಮಗಳಲ್ಲಿ ಕೊನೆಯ ಮೆಟ್ಟಿಲು ಕೇಂದ್ರ ಸರ್ಕಾರದ್ದೇ ಆಗಿದೆ, ಅದೇ ಸಾಕಷ್ಟು ಜಾಸ್ತಿ ಆಯ್ತು. ಯಾವ ಸರ್ಕಾರವೇ ಇರಲಿ, ಯಾವ ಚರ್ಚೆ ಸರಿ ಅಂತ ಅದು ಹೇಳುವುದು ಬೇಡಪ್ಪ. ಅಮೆರಿಕದಲ್ಲಿ 1949ರಿಂದ ಎರಡೂ ಕಡೆ ತೋರಿಸಲೇಬೇಕು ಅನ್ನುವ ನಿಯಮ ಇತ್ತು, 1987ರಲ್ಲಿ ಕೈಬಿಟ್ಟರು. ಬ್ರಿಟನ್‌ನಲ್ಲಿ ಇವತ್ತಿಗೂ ಇದೆ, ಆಫ್‌ಕಾಂ ಅಂತ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲೂ ಅವರು ಸ್ಟಾಪ್‌ವಾಚ್ ಹಿಡಿದು ನಿಮಿಷ ಅಳೆಯುವುದಿಲ್ಲ. ಸ್ಟಾಪ್‌ವಾಚ್ ಸಮತೋಲನ ಬೇಕಿದ್ದರೆ ನಮ್ಮ ದೂರದರ್ಶನದಲ್ಲೇ ಇದೆ. 1998ರಿಂದ ಚುನಾವಣೆ ಬಂದಾಗ ಪಕ್ಷಗಳಿಗೆ ಹಿಂದಿನ ಚುನಾವಣೆಯ ಲೆಕ್ಕ ನೋಡಿ ಉಚಿತವಾಗಿ ಸಮಯ ಹಂಚುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಬಂದು ಕಾಗದ ನೋಡಿ ಓದಿ ಹೋಗುತ್ತಾರೆ. ಕಡು ನ್ಯಾಯ. ಕೊನೆಯ ಸಲ ಪೂರ್ತಿ ನೋಡಿದ್ದು ಯಾವಾಗ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಪಕ್ಷಗಳೂ ಸಾಚಾ ಏನಲ್ಲ. 2019ರ ಲೋಕಸಭೆ ಫಲಿತಾಂಶ ಬಂದ ಮೇಲೆ ಕಾಂಗ್ರೆಸ್ ಒಂದು ತಿಂಗಳು ಟಿವಿಗೆ ವಕ್ತಾರರನ್ನು ಕಳಿಸಲ್ಲ ಅಂದಿತು. 2023ರ ಸೆಪ್ಟೆಂಬರ್‌ನಲ್ಲಿ ಇಂಡಿಯಾ ಒಕ್ಕೂಟ 14 ಆ್ಯಂಕರ್‌ಗಳ ಪಟ್ಟಿ ಮಾಡಿ ಇವರ ಚರ್ಚೆಗೆ ಹೋಗುವುದಿಲ್ಲ ಅಂದಿತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮರ್ಯಾದೆ ಇಲ್ಲದ ಕಡೆ ಯಾಕೆ ಹೋಗಬೇಕು? ಆದರೆ ಹೋಗದಿದ್ದರೆ ಆ ಜಾಗಕ್ಕೆ ಅವರ 'ಬೆಂಬಲಿಗರು' ಅಂತ ಯಾರನ್ನೋ ತಂದು ಕೂರಿಸುತ್ತಾರೆ, ಬೈಸಿಕೊಳ್ಳುವುದಕ್ಕೇ ಬಂದವರು. ಬಿಜೆಪಿಯವರೂ ತಮಗೆ ಆಗದ ಕಡೆ ಹೋಗುವುದನ್ನು ಎಂದೋ ಕಡಿಮೆ ಮಾಡಿದ್ದಾರೆ. ಪಟ್ಟಿ ಹೊರಗೆ ಹಾಕಿಲ್ಲ ಅಷ್ಟೆ. ಕೊನೆಗೆ ಎಲ್ಲರಿಗೂ ತಮ್ಮ ಕಡೆಯ ಚಾನೆಲ್ ಇದ್ದರೆ ಸಾಕಾಗಿದೆ. ನೋಡುವವರಿಗೂ ಅಷ್ಟೇ ಅನ್ನಿ. ನಮ್ಮ ಭಾವ ಒಬ್ಬರಿದ್ದಾರೆ, ಆ್ಯಂಕರ್ ತಮ್ಮ ಪಕ್ಷದವರನ್ನು ಗದರಿಸಿದರೆ ಪಕ್ಷಪಾತ ಅನ್ನುತ್ತಾರೆ, ಎದುರಿನವರನ್ನು ಗದರಿಸಿದರೆ ದಿಟ್ಟ ಪತ್ರಿಕೋದ್ಯಮ ಅನ್ನುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ, ಕಾನೂನೂ ಬೇಡ. ಗಡಿಯ ಚರ್ಚೆ ಅಂದರೆ ಗಡಿಯವರಿಂದ ಶುರು ಮಾಡಿ. ಜತ್ತದವರೊಬ್ಬರು, ನಿಪ್ಪಾಣಿಯವರೊಬ್ಬರು, ಕಲ್ಲು ಬಿದ್ದ ಲಾರಿಯ ಡ್ರೈವರ್, ಮಸಿ ಬಿದ್ದ ಬಸ್ಸಿನ ಕಂಡಕ್ಟರ್. ಮೊದಲ ಹತ್ತು ನಿಮಿಷ ಅವರದ್ದು, ನಡುವೆ ಬಾಯಿ ಹಾಕುವ ಹಾಗಿಲ್ಲ. ಆಮೇಲೆ ವಕ್ತಾರರು ಬರಲಿ, ಬಂದು ಆ ಡ್ರೈವರ್‌ಗೆ ಉತ್ತರ ಕೊಡಲಿ, ಆ್ಯಂಕರ್‌ಗಲ್ಲ. ವಿಶ್ಲೇಷಕರು ಹಿಂದೆ ಯಾವ ಪಕ್ಷದಲ್ಲಿದ್ದರು, ಯಾವ ನಿಗಮ ಮಂಡಳಿಯಲ್ಲಿದ್ದರು ಅಂತ ಹೆಸರಿನ ಕೆಳಗೆ ಹಾಕಿ. ಚರ್ಚೆಯಲ್ಲಿ ತಪ್ಪು ಮಾಹಿತಿ ಹೋಗಿದ್ದರೆ ಮಾರನೇ ದಿನ ಅದೇ ಹೊತ್ತಿಗೆ, ಅದೇ ಆ್ಯಂಕರ್ ಬಾಯಲ್ಲಿ ಸರಿಪಡಿಸಿ. ನಡುರಾತ್ರಿ ಪರದೆಯ ಕೆಳಗಿನ ಟಿಕರ್‌ನಲ್ಲಿ ಓಡಿಸಿ ಕೈತೊಳೆದುಕೊಳ್ಳಬೇಡಿ. ಇದಕ್ಕೆಲ್ಲ ಜಾಸ್ತಿ ಖರ್ಚಿಲ್ಲ.

ಓದುಗರಿಗೂ ಒಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಬೈದುಕೊಂಡು ಸುಮ್ನಿರುವ ಬದಲು ಚಾನೆಲ್‌ಗೇ ಬರೆಯಿರಿ. ಪ್ರಸಾರ ಆಗಿ 7 ದಿನದೊಳಗೆ ಬರೆಯಬೇಕು, ದಿನ, ಹೊತ್ತು, ಏನು ತಪ್ಪು ಅನ್ನುವುದು ಸ್ಪಷ್ಟವಾಗಿರಬೇಕು. ಅವರ ಉತ್ತರ ಸರಿ ಅನ್ನಿಸದಿದ್ದರೆ ಆಮೇಲೆ ಪ್ರಾಧಿಕಾರಕ್ಕೆ ಹೋಗಬಹುದು. ಪಕ್ಷಪಾತ ಅಂತ ಬರೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಥವರ ಮಾತನ್ನು ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ತುಂಡರಿಸಿದ್ದೀರಿ, ಇಂಥ ಸಂಗತಿ ಸುಳ್ಳು ಅಂತ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಕೊನೆಯದು ನಿಮಗೇ, ಸಂಪಾದಕರೇ. ಈ ಪ್ಯಾನೆಲ್‌ಗಳಲ್ಲಿ 'ಹಿರಿಯ ಪತ್ರಕರ್ತರು' ಅಂತ ಕೂರುವವರು ನಿಮ್ಮಂಥ ಪತ್ರಿಕೆಗಳವರೇ. ಅವರಲ್ಲಿ ಕೆಲವರು ಅಂಕಣದಲ್ಲಿ ಎಷ್ಟು ತೂಕವಾಗಿ ಬರೆಯುತ್ತಾರೋ, ಟಿವಿಯಲ್ಲಿ ಅಷ್ಟೇ ಸುಲಭವಾಗಿ ಒಂದು ನಗು ನಕ್ಕು ಸುಮ್ಮನಾಗಿಬಿಡುತ್ತಾರೆ. ಪ್ರಶ್ನೆಯೇ ಸರಿ ಇಲ್ಲ ಅಂತ ಅವರು ಅಲ್ಲೇ ಹೇಳಬಹುದಲ್ವಾ? ಫೇಡರ್ ಇಳಿಸಿದರೆ ಇಳಿಸಲಿ. ಮಾರನೇ ದಿನ ನಿಮ್ಮ ಪತ್ರಿಕೆಯಲ್ಲಿ ಬರೆಯಲಿ, ನಿನ್ನೆ ಇಂಥ ಚಾನೆಲ್‌ನಲ್ಲಿ ನಾನು ಹೇಳಹೊರಟಿದ್ದು ಇದು, ಹೇಳಲು ಬಿಡಲಿಲ್ಲ ಅಂತ. ಅದಕ್ಕೆ ನೀವು ಒಂದು ಕಾಲಂ ಜಾಗ ಕೊಡುತ್ತೀರಾ? ಈ ಪತ್ರ ಉದ್ದ ಆಯ್ತು ಅಂತ ಕತ್ತರಿ ಹಾಕುವುದಾದರೆ ಅಮೆರಿಕ, ಬ್ರಿಟನ್ ಎಲ್ಲ ತೆಗೆದುಬಿಡಿ, ಬೇಜಾರಿಲ್ಲ. ಈ ಪ್ಯಾರಾ ಮಾತ್ರ ಬಿಡಬೇಡಿ.

ಇತಿ,
ನಿಮ್ಮ ಓದುಗ,
ಡೊಂಬಿವಲಿ ಪೂರ್ವ